ಮನೆಯ ಮೇನ್‌ಗೆ ಎಷ್ಟು ಕೆ.ಎ. ಬೇಕು: ಎಂಸಿಬಿ, ಎಚ್‌ಆರ್‌ಸಿ ಫ್ಯೂಸ್, ಎಂಸಿಸಿಬಿ ನಡುವೆ ಆಯ್ಕೆ

ಹೊಸ ಮನೆಗೆ ವೈರಿಂಗ್ ಮಾಡಿಸುತ್ತಿರುವವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಂಗಡಿಯವರು 6 ಕೆ.ಎ. ಎಂಸಿಬಿ (ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್) ಸಾಕು ಅಂತಾರೆ. ಎಲೆಕ್ಟ್ರಿಷಿಯನ್ 10 ಕೆ.ಎ. ಹಾಕಿಸಿ ಅಂತಾರೆ. ಅಪಾರ್ಟ್‌ಮೆಂಟಿನ ಕಾಂಟ್ರಾಕ್ಟರ್ ಎಂಸಿಸಿಬಿ (ಎಂಸಿಬಿಯ ದೊಡ್ಡಣ್ಣ) ಇಲ್ಲದೆ ಆಗೋದೇ ಇಲ್ಲ ಅಂತಾರೆ. ಹಳಬರು ಎಚ್‌ಆರ್‌ಸಿ ಫ್ಯೂಸ್‌ಗಿಂತ (ದೊಡ್ಡ ಶಾರ್ಟ್ ಕತ್ತರಿಸಬಲ್ಲ ಮುಚ್ಚಿದ ಫ್ಯೂಸ್) ಗಟ್ಟಿ ಯಾವುದಿದೆ ಅಂತ ಕೇಳ್ತಾರೆ. ಯಾರ ಮಾತು ಕೇಳೋದು?

ನಾಲ್ವರ ಮಾತೂ ಒಂದೊಂದು ಜಾಗಕ್ಕೆ ಸರಿ. ನಿಮ್ಮ ಜಾಗಕ್ಕೆ ಯಾವುದು ಅನ್ನುವುದನ್ನು ಎರಡೇ ವಿಷಯ ತೀರ್ಮಾನ ಮಾಡುತ್ತವೆ: ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದು, ಅಲ್ಲಿಂದ ನಿಮ್ಮ ಡಿಬಿವರೆಗೆ (ಎಂಸಿಬಿಗಳೆಲ್ಲ ಕೂರುವ ಡಬ್ಬಿ) ಎಷ್ಟು ಉದ್ದದ, ಎಷ್ಟು ದಪ್ಪದ ವೈರ್ ಇದೆ. ಮನೆಯಲ್ಲಿ ಎಷ್ಟು ಎಸಿ, ಎಷ್ಟು ಗೀಸರ್ ಇದೆ ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಆಂಪ್ ಲೆಕ್ಕ. ಇದು ಕೆ.ಎ., ಅಂದರೆ ಕಿಲೋ ಆಂಪ್ ಲೆಕ್ಕ.

ಒಂದು ಎಂಸಿಬಿಯನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ. ದೊಡ್ಡ ಅಕ್ಷರದಲ್ಲಿ ಸಿ 32 ಅಂತ ಇರುತ್ತದೆ. ಅದರ ಹತ್ತಿರ ಒಂದು ಸಣ್ಣ ಆಯತದೊಳಗೆ 6000 ಅಥವಾ 10000 ಅಂತ ಬರೆದಿರುತ್ತದೆ. ಅದರ ಕೆಳಗೋ ಪಕ್ಕದಲ್ಲೋ ಪುಟ್ಟ ಚೌಕದೊಳಗೆ 3. ಮೊದಲನೆಯದು ದಿನನಿತ್ಯ ಎಷ್ಟು ಕರೆಂಟ್ ಹರಿಯಬಹುದು ಅನ್ನುವುದು. ಆಯತದೊಳಗಿನದು, ಶಾರ್ಟ್ ಆದಾಗ ಎಷ್ಟು ಆಂಪ್ ತನಕ ಅದು ಒಡೆದುಹೋಗದೆ ಕತ್ತರಿಸಬಲ್ಲದು ಅನ್ನುವುದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡಿ ದುಡ್ಡು ಕೊಟ್ಟು ಬರುತ್ತಾರೆ.

ಒಳಗೆ ಏನಾಗುತ್ತದೆ ಅಂತ ತಿಳಿದರೆ ಈ ಎರಡನೇ ಸಂಖ್ಯೆಯ ಬೆಲೆ ಗೊತ್ತಾಗುತ್ತದೆ. ಶಾರ್ಟ್ ಆದ ಕ್ಷಣ ಕಾಯಿಲ್ ಎಳೆದು ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತದೆ. ಆದರೆ ಕರೆಂಟ್ ಅಲ್ಲಿಗೇ ನಿಲ್ಲುವುದಿಲ್ಲ. ಎರಡು ಕಾಂಟ್ಯಾಕ್ಟ್‌ಗಳ ನಡುವೆ ಆರ್ಕ್, ಅಂದರೆ ಬಿಡದೆ ಉರಿಯುವ ಕಿಡಿ, ಹೊತ್ತಿಕೊಳ್ಳುತ್ತದೆ. ಆ ಆರ್ಕ್ ಪಕ್ಕದಲ್ಲಿ ಸಾಲಾಗಿ ಜೋಡಿಸಿದ ತೆಳು ಕಬ್ಬಿಣದ ತಗಡುಗಳ ನಡುವೆ ಓಡಿ, ತುಂಡು ತುಂಡಾಗಿ, ತಣ್ಣಗಾಗಿ ಆರಬೇಕು. ಇದೆಲ್ಲ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಮುಗಿಯಬೇಕು. ಎಂಸಿಬಿಯ ತಾಕತ್ತಿಗಿಂತ ಜಾಸ್ತಿ ಕರೆಂಟ್ ಬಂದರೆ ಆರ್ಕ್ ಆರುವುದಿಲ್ಲ. ಕಾಂಟ್ಯಾಕ್ಟ್‌ಗಳು ಬೆಸೆದುಕೊಳ್ಳಬಹುದು, ಇಲ್ಲವೇ ಪ್ಲಾಸ್ಟಿಕ್ ಮೈ ಸಿಡಿದು ಡಿಬಿಯೊಳಗೇ ಬೆಂಕಿ ಹತ್ತಬಹುದು. ಬಿದ್ದ ಎಂಸಿಬಿಯನ್ನು ಎತ್ತಲು ಅದೇ ಹೊತ್ತಿಗೆ ಯಾರಾದರೂ ಕೈ ಹಾಕಿದ್ದರೆ? ನನಗೆ ಇದು ಬರೀ ಲೆಕ್ಕದ ವಿಷಯವಾಗಿ ಕಾಣದಿರುವುದಕ್ಕೆ ಕಾರಣ ಅದು.

ಮೊದಲು ನಿಮ್ಮ ಜಾಗದ ಲೆಕ್ಕ

ನಮ್ಮ ವೈರಿಂಗ್ ಕೋಡ್ ಐಎಸ್ 732 ಹೇಳುವುದು ಇಷ್ಟು: ರಕ್ಷಣೆಯ ಸಾಧನ ಕೂರುವ ಜಾಗದಲ್ಲಿ ಶಾರ್ಟ್ ಆದರೆ ಎಷ್ಟು ಕರೆಂಟ್ ಬರಬಹುದು ಅನ್ನುವುದನ್ನು ಲೆಕ್ಕ ಹಾಕಿಯೋ ಅಳೆದೋ ತಿಳಿಯಬೇಕು. ಸಾಧನದ ತಾಕತ್ತು ಅದಕ್ಕಿಂತ ಕಡಿಮೆ ಇರಬಾರದು. ಕಡಿಮೆ ಇದ್ದರೆ ಅದರ ಮೇಲೆ, ಅಂದರೆ ಟಿಸಿ ಕಡೆಗೆ, ಜೋಡಿಯಾಗಿ ಕೆಲಸ ಮಾಡುವ ಇನ್ನೊಂದು ಸಾಧನ ಇರಬೇಕು.

ಲೆಕ್ಕ ಟಿಸಿಯಿಂದ ಶುರುವಾಗುತ್ತದೆ. ನಮ್ಮಲ್ಲಿ 11 ಕೆವಿಯಿಂದ 433 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್‌ಗಳ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸಾಮಾನ್ಯವಾಗಿ ಶೇ. 4.5ರ ಆಸುಪಾಸು. ಹಾಗಾಗಿ 25 ಕೆವಿಎ (ಟಿಸಿಯ ಗಾತ್ರದ ಅಳತೆ) ಟಿಸಿಯ ಬುಡದಲ್ಲೇ ಶಾರ್ಟ್ ಆದರೂ ಬರುವುದು ಸುಮಾರು 740 ಆಂಪ್. 63 ಕೆವಿಎ ಆದರೆ 1.9 ಕೆ.ಎ., 100 ಕೆವಿಎ ಆದರೆ 3 ಕೆ.ಎ. ಹತ್ತಿರ, 250 ಕೆವಿಎ ಆದರೆ 7.4 ಕೆ.ಎ., 500 ಕೆವಿಎ ಆದರೆ 14.8 ಕೆ.ಎ. ದೊಡ್ಡ ಅಪಾರ್ಟ್‌ಮೆಂಟಿನ 1000 ಕೆವಿಎ ಟ್ರಾನ್ಸ್‌ಫಾರ್ಮರ್ ಶೇ. 5ರದ್ದಾಗಿದ್ದರೆ 26 ಕೆ.ಎ. ದಾಟುತ್ತದೆ. ಕೆವಿಎ ಎಷ್ಟು ಅಂತ ಲೈನ್‌ಮ್ಯಾನ್‌ನನ್ನೋ ಸೆಕ್ಷನ್ ಆಫೀಸಿನವರನ್ನೋ ಕೇಳಿದರೆ ಹೇಳುತ್ತಾರೆ. ಅದಕ್ಕೋಸ್ಕರ ಟಿಸಿ ಬೇಲಿಯೊಳಗೆ ಹೋಗಬೇಡಿ.

ಇಷ್ಟು ಕರೆಂಟ್ ಮನೆಯೊಳಗೆ ಬರುವುದಿಲ್ಲ. ನಡುವಿನ ವೈರ್ ಅದನ್ನು ಕುಗ್ಗಿಸುತ್ತದೆ, ಅದೂ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಬೇಗ. 10 ಸ್ಕ್ವೇರ್ ಎಂಎಂ ತಾಮ್ರದ ವೈರಿನ ರೆಸಿಸ್ಟೆನ್ಸ್ ಮೀಟರ್‌ಗೆ 1.83 ಮಿಲಿ ಓಮ್. ಕಂಬದಿಂದ ಮನೆಗೆ 20 ಮೀಟರ್ ಸರ್ವಿಸ್ ವೈರ್ ಇದ್ದರೆ, ಫೇಸ್‌ನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಬರಬೇಕಾದ್ದರಿಂದ 40 ಮೀಟರ್ ಲೆಕ್ಕ, ಅಂದರೆ 73 ಮಿಲಿ ಓಮ್. 240 ವೋಲ್ಟನ್ನು ಅದರಿಂದ ಭಾಗಿಸಿ. 3.3 ಕೆ.ಎ. ಬಂತು. ಇದರಲ್ಲಿ ಟಿಸಿಯನ್ನೂ ಕಂಬದ ಲೈನನ್ನೂ ಲೆಕ್ಕಕ್ಕೆ ತಗೊಂಡೇ ಇಲ್ಲ. ತಗೊಂಡರೆ ಇನ್ನೂ ಇಳಿಯುತ್ತದೆ. ಸಿಂಗಲ್ ಫೇಸ್ ಮನೆಗೆ ಈ ಒಂದು ಭಾಗಾಕಾರ ಸಾಕು. ತ್ರೀ ಫೇಸ್ ಮನೆಯಲ್ಲಿ ಮೂರೂ ಫೇಸ್ ಒಂದಕ್ಕೊಂದು ತಾಗಿದರೆ ವೈರಿನ ಉದ್ದ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅಲ್ಲಿ ಕರೆಂಟ್ ಜಾಸ್ತಿ.

ಕಾಗದದ ಲೆಕ್ಕ ಬೇಡ ಅನ್ನುವವರು ಲೈಸೆನ್ಸ್ ಇರುವ ಕಾಂಟ್ರಾಕ್ಟರ್‌ನಿಂದ ಲೂಪ್ ಟೆಸ್ಟರ್ (ಹೋಗಿ ಬರುವ ಇಡೀ ಸುತ್ತಿನ ತಡೆ ಅಳೆಯುವ ಮೀಟರ್) ಇಟ್ಟು ಅಳತೆ ಮಾಡಿಸಬಹುದು. ಮಾಮೂಲಿ ಕ್ಲ್ಯಾಂಪ್ ಮೀಟರ್‌ನಲ್ಲಿ ಇದು ಗೊತ್ತಾಗುವುದಿಲ್ಲ.

ಕೆ.ಎ. ಮಾತ್ರ ನೋಡಿ ಆರಿಸಲೂ ಆಗುವುದಿಲ್ಲ. ಇನ್ನು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು ಕಡೆ ಶಾರ್ಟ್ ಆದರೆ ಇಡೀ ಮನೆ ಕತ್ತಲಾಗಬೇಕಾ, ಆ ಒಂದು ಲೈನ್ ಮಾತ್ರ ಬಿದ್ದರೆ ಸಾಕಾ? ದೊಡ್ಡ ಶಾರ್ಟ್ ಆದ ಮೇಲೆ ಅದನ್ನು ಮತ್ತೆ ಎತ್ತುವವರು ಅಥವಾ ಬದಲಿಸುವವರು ಯಾರು? ಶಾರ್ಟ್ ಕತ್ತರಿಸುವಷ್ಟರಲ್ಲಿ ಹರಿದುಹೋದ ಶಕ್ತಿಯನ್ನು ಆಚೆಯ ವೈರ್ ತಡೆಯುತ್ತದಾ? ಕೊನೆಯದನ್ನು ಯಾರೂ ಕೇಳುವುದಿಲ್ಲ. 1.5 ಸ್ಕ್ವೇರ್ ಎಂಎಂ ಪಿವಿಸಿ ತಾಮ್ರದ ವೈರ್ ತಡೆಯುವುದು ಸುಮಾರು 29,700 ಆಂಪ್ ಸ್ಕ್ವೇರ್ ಸೆಕೆಂಡ್. 2.5 ಆದರೆ 82,600. ಎಂಸಿಬಿ ಎಷ್ಟು ಬಿಟ್ಟುಕೊಡುತ್ತದೆ ಅನ್ನುವುದು ಕಂಪನಿಯ ಕ್ಯಾಟಲಾಗ್‌ನಲ್ಲಿ ಇರುತ್ತದೆ. ಆ ಪುಟ್ಟ ಚೌಕದ 3 ಇದಕ್ಕೇ ಸೇರಿದ್ದು: ಕಡಿಮೆ ಬಿಟ್ಟುಕೊಡುವ ದರ್ಜೆ ಅದು. 3 ಇಲ್ಲದ ಎಂಸಿಬಿ ತಗೊಳ್ಳಬೇಡಿ.

ಕಿಟ್‌ಕ್ಯಾಟ್ ಫ್ಯೂಸ್

ಪಿಂಗಾಣಿಯ ಈ ಫ್ಯೂಸ್ ಹಳೆ ಮನೆಗಳ ಮೀಟರ್ ಬೋರ್ಡ್‌ನಲ್ಲಿ ಇನ್ನೂ ಇದೆ. ಕತ್ತರಿಸುವ ತಾಕತ್ತು ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಯಾವ ತಂತಿ ಕಟ್ಟುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ. ಎರಡೆಳೆ ತಂತಿ ಸುತ್ತಿದರೆ ರಕ್ಷಣೆ ಮುಗಿಯಿತು. ಹೊಸದಾಗಿ ಹಾಕಿಸಬೇಡಿ, ಇರುವುದನ್ನು ತೆಗೆಸಿ.

6 ಕೆ.ಎ. ಎಂಸಿಬಿ

ಮೇಲಿನ ಲೆಕ್ಕದ ಪ್ರಕಾರ ಟಿಸಿಯಿಂದ ದೂರ ಇರುವ ಸಿಂಗಲ್ ಫೇಸ್ ಮನೆಗೆ ಇದು ಸಾಕು. ಹಾಸನದ, ದಾವಣಗೆರೆಯ ಒಂದು ಬಡಾವಣೆಯ ಸಾಮಾನ್ಯ ಸೈಟಿನ ಮನೆ ಅಂತ ಇಟ್ಟುಕೊಳ್ಳಿ: ಕಂಬದಿಂದ ಸರ್ವಿಸ್, ಟಿಸಿ ಎರಡು ಬೀದಿ ಆಚೆ. ಅಲ್ಲಿ 3 ಕೆ.ಎ. ಸಿಗುವುದೂ ಕಷ್ಟ. ಇನ್ನೊಂದು ಒಳ್ಳೆಯ ಗುಣ ಇದೆ. ಐಎಸ್/ಐಇಸಿ 60898-1ರ ಪ್ರಕಾರ 6 ಕೆ.ಎ. ಎಂಸಿಬಿ ಪೂರ್ತಿ 6 ಕೆ.ಎ. ಕತ್ತರಿಸಿದ ಮೇಲೂ ಮತ್ತೆ ಕೆಲಸಕ್ಕೆ ಬರುವಂತಿರಬೇಕು.

ತೊಂದರೆ ಮುಂದಿನದು. ಬಡಾವಣೆ ಬೆಳೆದ ಹಾಗೆ 100 ಕೆವಿಎ ಇದ್ದ ಕಡೆ 250 ಕೂರಿಸುತ್ತಾರೆ. ಇಲ್ಲವೇ ನಿಮ್ಮ ಗೇಟಿನ ಎದುರಿಗೇ ಹೊಸ ಟಿಸಿ ಬರುತ್ತದೆ. ಆಗ ಯಾರೂ ಬಂದು ನಿಮ್ಮ ಎಂಸಿಬಿ ನೋಡುವುದಿಲ್ಲ.

10 ಕೆ.ಎ. ಎಂಸಿಬಿ

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. 250 ಕೆವಿಎ ಟಿಸಿಯಿಂದ ಎಂಟೇ ಮೀಟರ್ ದೂರ, ನಡುವೆ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್. ಇಂಥ ಮನೆಯ ಮೇನ್‌ನಲ್ಲಿ 6 ಕೆ.ಎ.ಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಅಲ್ಲಿ 6 ಸಾಲದು, 10 ನೆಮ್ಮದಿಯಾಗಿ ಸಾಕು. ಬೆಲೆಯಲ್ಲಿ ಎರಡಕ್ಕೂ ಇರುವ ಅಂತರ ಇಡೀ ಡಿಬಿಗೆ ಲೆಕ್ಕ ಹಾಕಿದರೂ ಒಂದು ಫ್ಯಾನಿನ ದುಡ್ಡು ದಾಟುವುದಿಲ್ಲ. ನಮ್ಮ ಅಂಗಡಿಗಳಲ್ಲಿ ದೊಡ್ಡ ಕಂಪನಿಗಳ ಮಾಲು ಹೆಚ್ಚಾಗಿ 10 ಕೆ.ಎ.ದ್ದೇ ಸಿಗುತ್ತದೆ.

ಆದರೆ 10 ಅಂತ ಬರೆದ ಮಾತ್ರಕ್ಕೆ 10ರ ತನಕ ಎಷ್ಟು ಸಲ ಬೇಕಾದರೂ ತಡೆಯುತ್ತದೆ ಅಂತ ಅಲ್ಲ. ಅದೇ ಸ್ಟ್ಯಾಂಡರ್ಡ್ ಪ್ರಕಾರ 10 ಕೆ.ಎ. ಎಂಸಿಬಿ ಕತ್ತರಿಸಿ ಮತ್ತೆ ಕೆಲಸಕ್ಕೆ ಬರಬೇಕಾದ್ದು 7.5 ಕೆ.ಎ. ತನಕ. ಅದಕ್ಕಿಂತ ಮೇಲೆ, 10ರ ತನಕ, ಅದು ಸಿಡಿಯದೆ ಕತ್ತರಿಸಿದರೆ ಸಾಕು. ಆಮೇಲೆ ಅದನ್ನು ಬದಲಿಸಬೇಕು.

ಅಂಗಡಿಯಲ್ಲಿ ಇನ್ನೊಂದು ಗೊಂದಲ ಇದೆ. ಕೆಲವು ಎಂಸಿಬಿಗಳ ಮೇಲೆ 60898 ಪ್ರಕಾರ 10000, 60947-2 ಪ್ರಕಾರ 15 ಕೆ.ಎ. ಅಂತ ಎರಡೂ ಇರುತ್ತದೆ. 60898 ಮನೆಯ ಬಳಕೆಗೆ, ವಿದ್ಯುತ್ ಕೆಲಸ ಗೊತ್ತಿಲ್ಲದವರು ಎತ್ತಿಳಿಸುವ ಜಾಗಕ್ಕೆ ಮಾಡಿದ ಸ್ಟ್ಯಾಂಡರ್ಡ್. 60947-2 ಕಾರ್ಖಾನೆಯಂಥ ಜಾಗಕ್ಕೆ. ಮನೆಗೆ ಹೋಲಿಸುವಾಗ ಆಯತದೊಳಗಿನ ಸಂಖ್ಯೆಯನ್ನೇ ನೋಡಿ.

ನಕಲಿ ಮಾಲಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲೇ ತಗೊಳ್ಳಿ, ನಿಮ್ಮೂರಿನ ಪೇಟೆಯಲ್ಲೇ ತಗೊಳ್ಳಿ, ಐಎಸ್‌ಐ ಗುರುತಿನ ಜೊತೆ ಇರುವ ಸಿಎಂ/ಎಲ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬಿಲ್ ಇಲ್ಲದೆ ಅರ್ಧ ಬೆಲೆಗೆ ಸಿಗುವ ಎಂಸಿಬಿಯ ಮೇಲೆ 10000 ಅಂತ ಯಾರು ಬೇಕಾದರೂ ಅಚ್ಚು ಹಾಕಬಹುದು.

ಎಚ್‌ಆರ್‌ಸಿ ಫ್ಯೂಸ್, ಅದರ ಕೆಳಗೆ ಎಂಸಿಬಿ

ಹಳಬರು ಹೇಳುವುದರಲ್ಲಿ ಹುರುಳಿದೆ. ನಮ್ಮಲ್ಲಿ ಸಿಗುವ ಎಚ್‌ಆರ್‌ಸಿ ಫ್ಯೂಸ್‌ಗಳು ಸಾಮಾನ್ಯವಾಗಿ 80 ಕೆ.ಎ. ಕತ್ತರಿಸುವಂಥವು. ಮನೆಯ ಯಾವ ಟಿಸಿಯೂ ಅಷ್ಟು ಕೊಡುವುದಿಲ್ಲ. ದೊಡ್ಡ ಶಾರ್ಟ್ ಆದಾಗ ಅದು ಮೊದಲ ಅರ್ಧ ಸೈಕಲ್ ಮುಗಿಯುವುದಕ್ಕೂ ಮುಂಚೆ, 10 ಮಿಲಿಸೆಕೆಂಡ್ ಒಳಗೇ ಕರಗಿ ಕತ್ತರಿಸುತ್ತದೆ. ಕರೆಂಟ್ ತನ್ನ ಪೂರ್ತಿ ಎತ್ತರ ಮುಟ್ಟಲು ಬಿಡುವುದೇ ಇಲ್ಲ. ಹಾಗಾಗಿ ಕೆಳಗಿನ 10 ಕೆ.ಎ. ಎಂಸಿಬಿಗೂ ರಕ್ಷಣೆ ಸಿಗುತ್ತದೆ. ಆದರೆ ಯಾವ ಫ್ಯೂಸ್ ಕೆಳಗೆ ಯಾವ ಎಂಸಿಬಿ ಎಷ್ಟು ಕೆ.ಎ. ತನಕ ನಡೆಯುತ್ತದೆ ಅನ್ನುವ ಪಟ್ಟಿ ಎಂಸಿಬಿ ಕಂಪನಿಯದ್ದೇ ಆಗಿರಬೇಕು. ಅಂದಾಜಿನ ಮೇಲೆ ಜೋಡಿಸಬೇಡಿ.

ಇನ್ನೊಂದು ಲಾಭ ದಿನನಿತ್ಯದ್ದು. ಗೀಸರ್ ಪಾಯಿಂಟ್‌ನಲ್ಲಿ ಶಾರ್ಟ್ ಆಯಿತು ಅಂದುಕೊಳ್ಳಿ. ಡಿಬಿಯಿಂದ 12 ಮೀಟರ್, 2.5 ಸ್ಕ್ವೇರ್ ಎಂಎಂ ವೈರ್. ಬರುವ ಕರೆಂಟ್ ಹೆಚ್ಚೆಂದರೆ 1.3 ಕೆ.ಎ. ಸಿ ಕರ್ವ್‌ನ (ಹತ್ತು ಪಟ್ಟು ಕರೆಂಟಿಗೆ ತಕ್ಷಣ ಬೀಳುವ ಬಗೆ, ಎಂಸಿಬಿ ಮೇಲಿನ ಸಿ ಅಂದರೆ ಅದೇ) 63 ಆಂಪ್ ಎಂಸಿಬಿ ಮೇನ್‌ನಲ್ಲಿದ್ದರೆ ಅದು 630 ಆಂಪ್‌ಗೆಲ್ಲ ತಕ್ಷಣ ಬೀಳುತ್ತದೆ. ಗೀಸರ್ ಎಂಸಿಬಿಯ ಜೊತೆಗೆ ಮೇನೂ ಬಿದ್ದು ಇಡೀ ಮನೆ ಕತ್ತಲು. ಮೇಲೆ ಎಚ್‌ಆರ್‌ಸಿ ಇದ್ದರೆ ಗೀಸರ್ ಎಂಸಿಬಿ ಮಾತ್ರ ಬೀಳುವ ಸಾಧ್ಯತೆ ಜಾಸ್ತಿ.

ಕಷ್ಟ ಯಾವುದು? ಹೋದರೆ ಹೊಸದು ಬೇಕು, ಅದೂ ಅದೇ ರೇಟಿಂಗ್‌ನದ್ದು. ರಾತ್ರಿ ಹತ್ತು ಗಂಟೆಗೆ ಸಿಗದಿದ್ದಾಗ ಯಾರೋ ಒಬ್ಬರು ಅಲ್ಲಿ ತಂತಿ ಸುತ್ತಿ ಹೋಗುತ್ತಾರೆ. ಆ ತಂತಿ ಹಾಗೇ ಉಳಿದುಬಿಡುತ್ತದೆ. ಬಿಡಿ ಫ್ಯೂಸ್ ಮೂರು ಮನೆಯಲ್ಲಿ ಇಟ್ಟುಕೊಳ್ಳುವ ಶಿಸ್ತು ಇದ್ದವರಿಗೆ ಮಾತ್ರ ಇದು. ತ್ರೀ ಫೇಸ್ ಬೋರ್‌ವೆಲ್ ಮೋಟಾರ್ ಇದ್ದರೆ ಇನ್ನೊಂದು ಭಯ: ಒಂದು ಫೇಸಿನ ಫ್ಯೂಸ್ ಮಾತ್ರ ಹೋದರೆ ಮೋಟಾರ್ ಎರಡು ಫೇಸ್‌ನಲ್ಲಿ ಓಡಿ ಸುಡುತ್ತದೆ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇರಲೇಬೇಕು.

ಎಂಸಿಸಿಬಿ

16, 25, 36 ಕೆ.ಎ. ಹೀಗೆ ಸಿಗುತ್ತದೆ. ಬಿದ್ದರೆ ಮೂರೂ ಫೇಸ್ ಒಟ್ಟಿಗೆ ಬೀಳುತ್ತವೆ, ಬಿಡಿ ಭಾಗ ಹುಡುಕಬೇಕಾಗಿಲ್ಲ, ಕೆಲವು ಮಾಡೆಲ್‌ಗಳಲ್ಲಿ ಟ್ರಿಪ್ ಸೆಟ್ಟಿಂಗನ್ನು ಹೆಚ್ಚು ಕಡಿಮೆ ಮಾಡಬಹುದು. ಹಾಗಾಗಿ ಮೇನ್ ಬೀಳದೆ ಕೆಳಗಿನದು ಮಾತ್ರ ಬೀಳುವಂತೆ ಹೊಂದಿಸಿಕೊಳ್ಳಬಹುದು. ಬೆಲೆ ಎಂಸಿಬಿಯ ಹಲವು ಪಟ್ಟು. ಬೇರೆ ಬಾಕ್ಸ್, ಲಗ್, ಜಾಗ, ಎಲ್ಲ ಬೇಕು. ತಗೊಳ್ಳುವಾಗ ಐಸಿಯು, ಐಸಿಎಸ್ ಅಂತ ಎರಡು ಸಂಖ್ಯೆ ನೋಡಿ. ಐಸಿಯು ಒಮ್ಮೆ ಕತ್ತರಿಸಬಲ್ಲ ಗರಿಷ್ಠ. ಐಸಿಎಸ್ ಕತ್ತರಿಸಿ ಮತ್ತೆ ಕೆಲಸಕ್ಕೆ ಬರುವ ಮಿತಿ. ಎರಡೂ ಒಂದೇ ಇರುವುದನ್ನು ಆರಿಸಿ.

60×40 ಸೈಟಿನ ಸಾಮಾನ್ಯ ಮನೆಗೆ ಇದು ಬೇಡ. ಹಾಕಿಸಿದರೆ ಹಾಳಾಗುವುದೇನೂ ಇಲ್ಲ, ಆದರೆ ಆ ದುಡ್ಡು ಒಳ್ಳೆಯ ಅರ್ಥಿಂಗ್‌ಗೆ ಹೋದರೆ ಇನ್ನೂ ಒಳ್ಳೆಯದು.

ಅಪಾರ್ಟ್‌ಮೆಂಟಿನ ಲೆಕ್ಕವೇ ಬೇರೆ

ಟಿಸಿ ಕಾಂಪೌಂಡ್ ಒಳಗೇ ಇದೆ, 500 ಕೆವಿಎ. ಬೇಸ್‌ಮೆಂಟಿನ ಮೀಟರ್ ರೂಮಿಗೆ ದಪ್ಪ ಕೇಬಲ್. ಅಲ್ಲಿನ ಪ್ಯಾನಲ್‌ನಲ್ಲಿ 12ರಿಂದ 14 ಕೆ.ಎ. ಬರಬಹುದು. ಮೀಟರ್ ಪಕ್ಕ ಒಂದೊಂದು ಫ್ಲ್ಯಾಟಿಗೂ 10 ಕೆ.ಎ. ಎಂಸಿಬಿ ಮಾತ್ರ ಕೂರಿಸಿದ್ದರೆ ಅದು ಸಾಲದು. ಅದರ ಮೇಲೆ 25 ಕೆ.ಎ. ಎಂಸಿಸಿಬಿಯೋ ಎಚ್‌ಆರ್‌ಸಿಯೋ ಇರಬೇಕು, ಎಂಸಿಬಿ ಜೊತೆ ಅದರ ಜೋಡಿ ಕಂಪನಿಯ ಪಟ್ಟಿಯಲ್ಲಿ ಇರಬೇಕು. ಇದು ಒಬ್ಬ ಫ್ಲ್ಯಾಟ್ ಮಾಲೀಕರ ಕೈಯಲ್ಲಿಲ್ಲ. ಅಸೋಸಿಯೇಷನ್ ಸಭೆಯಲ್ಲಿ ಕೇಳಿ: ನಮ್ಮ ಪ್ಯಾನಲ್‌ನ ಫಾಲ್ಟ್ ಲೆವೆಲ್ (ಶಾರ್ಟ್ ಆದರೆ ಬರುವ ಕರೆಂಟ್) ಎಷ್ಟು, ಲೆಕ್ಕದ ಹಾಳೆ ಎಲ್ಲಿದೆ?

ಫ್ಲ್ಯಾಟಿನ ಒಳಗಿನ ಡಿಬಿಗೆ ಬಂದರೆ, ಮೀಟರ್ ರೂಮಿನಿಂದ 15 ಮೀಟರ್ ದೂರದ ಮೊದಲ ಮಹಡಿಗೆ 10 ಸ್ಕ್ವೇರ್ ಎಂಎಂ ತ್ರೀ ಫೇಸ್ ವೈರ್ ಬಂದಿದೆ ಅಂದುಕೊಳ್ಳಿ. ಮೂರೂ ಫೇಸ್ ತಾಗಿದರೆ ಸುಮಾರು 7 ಕೆ.ಎ. ಇಲ್ಲಿ 6 ಕೆ.ಎ. ಹಾಕುವುದು ತಪ್ಪು, 10 ಸರಿ. ಅದೇ ಕಟ್ಟಡದ ಮೇಲಿನ ಮಹಡಿಗೆ ಅದೇ ವೈರ್ 40 ಮೀಟರ್ ಹೋದರೆ 3 ಕೆ.ಎ. ಆಸುಪಾಸಿಗೆ ಇಳಿಯುತ್ತದೆ. ಆದರೆ ಬಸ್‌ಬಾರ್ ರೈಸರ್ (ಮಹಡಿಯಿಂದ ಮಹಡಿಗೆ ಕರೆಂಟ್ ಒಯ್ಯುವ ದಪ್ಪ ಲೋಹದ ಪಟ್ಟಿ) ಮೇಲೆ ಹೋಗಿ ಮಹಡಿಗೊಂದು ಮೀಟರ್ ಇರುವ ಕಟ್ಟಡದಲ್ಲಿ ಮೇಲಿನ ಮಹಡಿಯಲ್ಲೂ ಕರೆಂಟ್ ಅಷ್ಟು ಇಳಿಯುವುದಿಲ್ಲ. ಮಹಡಿ ಎಷ್ಟನೆಯದು ಅಂತ ನೋಡಿ ಧೈರ್ಯ ತಗೊಳ್ಳಬೇಡಿ.

ಡಿಬಿ ಮೇನ್‌ನಲ್ಲಿ ಐಸೊಲೇಟರ್, ಆರ್‌ಸಿಸಿಬಿ

ತುಂಬಾ ಮನೆಗಳ ಡಿಬಿಯಲ್ಲಿ ಮೇನ್ ಅಂತ ಇರುವುದು ಐಸೊಲೇಟರ್. ನೋಡಲು ಎಂಸಿಬಿಯ ಹಾಗೇ ಇರುತ್ತದೆ. ಅದು ಬರೀ ಸ್ವಿಚ್, ಶಾರ್ಟ್ ಆದರೆ ಬೀಳುವುದಿಲ್ಲ.

ಆರ್‌ಸಿಸಿಬಿ, ಅಂದರೆ ನಾವು ಇಎಲ್‌ಸಿಬಿ ಅಂತ ಕರೆಯುತ್ತಾ ಬಂದಿರುವುದು, ಶಾಕ್‌ನಿಂದ ಕಾಪಾಡಲು. 30 ಮಿಲಿ ಆಂಪ್‌ನದ್ದು ಪ್ರತಿ ಮನೆಗೂ ಬೇಕು. ಆದರೆ ಫೇಸ್-ನ್ಯೂಟ್ರಲ್ ಶಾರ್ಟ್‌ಗೆ ಅದು ಬೀಳುವುದಿಲ್ಲ. ಅದರ ಮೇಲೂ 10000 ಅಂತ ಬರೆದಿರುತ್ತದೆ, ಅನೇಕ ಸಲ ಪಕ್ಕದಲ್ಲಿ ಫ್ಯೂಸಿನ ಚಿಹ್ನೆ ಇರುತ್ತದೆ. ಕಂಪನಿ ಹೇಳಿದ ಫ್ಯೂಸ್ ಅಥವಾ ಎಂಸಿಬಿ ಜೊತೆಗಿದ್ದರೆ ಮಾತ್ರ ಅಷ್ಟು ತಡೆಯುತ್ತದೆ ಅಂತ ಅದರ ಅರ್ಥ. 40 ಆಂಪ್ ಆರ್‌ಸಿಸಿಬಿ ತಾನೊಬ್ಬನೇ ಕತ್ತರಿಸಲೇಬೇಕು ಅಂತ ಸ್ಟ್ಯಾಂಡರ್ಡ್ ಕೇಳುವುದು 500 ಆಂಪ್ ಮಾತ್ರ. ಆದ್ದರಿಂದ ಡಿಬಿಯ ಮೇನ್‌ನಲ್ಲಿ 10 ಕೆ.ಎ. ಎಂಸಿಬಿ, ಅದರ ನಂತರ ಆರ್‌ಸಿಸಿಬಿ. ಜಾಗ ಕಡಿಮೆ ಇದ್ದರೆ ಎರಡೂ ಸೇರಿದ ಆರ್‌ಸಿಬಿಒ ಹಾಕಿಸಿ, ಅದರ ಕೆ.ಎ.ಯನ್ನೂ ಓದಿ.

ತೋಟದ ಮನೆಯವರಿಗೆ

ಊರಾಚೆ, 25 ಕೆವಿಎ ಟಿಸಿ, ಅಲ್ಲಿಂದ ಉದ್ದದ ಲೈನ್. ನಿಮಗೆ ಹೆಚ್ಚಿನ ಫಾಲ್ಟ್ ಕರೆಂಟಿನ ಚಿಂತೆ ಇಲ್ಲ. ತೊಂದರೆ ತಿರುಗುಮುರುಗು. ಲೂಪ್ ಇಂಪಿಡೆನ್ಸ್ 1.5 ಓಮ್ ಇದ್ದರೆ ಶಾರ್ಟ್ ಆದರೂ ಬರುವುದು 160 ಆಂಪ್ ಮಾತ್ರ. ಸಿ ಕರ್ವ್‌ನ 32 ಆಂಪ್ ಎಂಸಿಬಿ ತಕ್ಷಣ ಬಿದ್ದೇ ಬೀಳಬೇಕಾದರೆ 320 ಆಂಪ್ ಬೇಕು. ಅಷ್ಟು ಸಿಗದೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುತ್ತದೆ. ಅಷ್ಟು ಹೊತ್ತು ವೈರ್ ಬಿಸಿಯಾಗುತ್ತಲೇ ಇರುತ್ತದೆ. ಬಿ ಕರ್ವ್ ಆದರೆ ಐದು ಪಟ್ಟಿಗೆ, ಅಂದರೆ 160ಕ್ಕೇ ಬೀಳುತ್ತದೆ. ಲೈಟ್, ಪ್ಲಗ್, ಗೀಸರ್‌ಗೆ ಬಿ ಕರ್ವ್ ಹಾಕಿಸಿ. ಪಂಪ್‌ಸೆಟ್‌ಗೆ ಮಾತ್ರ ಸಿ ಕರ್ವ್ ಇರಲಿ, ಸ್ಟಾರ್ಟಿಂಗ್ ಕರೆಂಟಿಗೆ ಬಿ ಬೀಳುತ್ತಲೇ ಇರುತ್ತದೆ. 30 ಮಿಲಿ ಆಂಪ್ ಆರ್‌ಸಿಸಿಬಿ, ನೀರು ಹಾಕಿ ನೋಡಿಕೊಂಡ ಅರ್ಥ್ ಪಿಟ್, ಇವೆರಡೂ ನಿಮಗೆ ಕೆ.ಎ. ಸಂಖ್ಯೆಗಿಂತ ಮುಖ್ಯ. ಇನ್ವರ್ಟರ್ ಮೇಲೆ ಮನೆ ಓಡುವಾಗ ಎಲ್ಲ ಕಡೆಯೂ ಇದೇ ಕಥೆ. ಅದು ಕೊಡುವ ಫಾಲ್ಟ್ ಕರೆಂಟ್ ಕಡಿಮೆ, ಎಂಸಿಬಿಗಿಂತ ಮೊದಲು ಇನ್ವರ್ಟರ್ ತಾನೇ ಟ್ರಿಪ್ ಆಗುತ್ತದೆ.

ಎಲೆಕ್ಟ್ರಿಷಿಯನ್‌ಗೆ ಏನು ಹೇಳಬೇಕು

ಬಜೆಟ್ ಬಿಗಿ ಇದ್ದು, ಟಿಸಿ ದೂರ ಇರುವ ಸಿಂಗಲ್ ಫೇಸ್ ಮನೆಯಾದರೆ: ಮೇನ್‌ಗೆ 10 ಕೆ.ಎ. ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ) ಎಂಸಿಬಿ, ಕೆಳಗಿನವು 6 ಆದರೂ ನಡೆಯುತ್ತದೆ, ಆರ್‌ಸಿಸಿಬಿ ಮಾತ್ರ ಬಿಡಬೇಡಿ. ಸ್ವಲ್ಪ ಕೈ ಬಿಚ್ಚಬಹುದು ಅಂದರೆ ಎಲ್ಲವೂ 10 ಕೆ.ಎ. ಇರಲಿ. ಟಿಸಿ ಗೇಟಿನ ಎದುರು ಇದ್ದು ತ್ರೀ ಫೇಸ್ ಮನೆಯಾದರೆ 6 ಕೆ.ಎ. ಮಾತು ಬೇಡವೇ ಬೇಡ. ಆ ಟಿಸಿ 250 ಕೆವಿಎಗಿಂತ ದೊಡ್ಡದಾದರೆ ಮೀಟರ್ ಪಕ್ಕ ಎಚ್‌ಆರ್‌ಸಿ ಅಥವಾ ಎಂಸಿಸಿಬಿ ಹಾಕಿಸಿ. ಮನೆಯಲ್ಲಿ ವಯಸ್ಸಾದವರಷ್ಟೇ ಇರುತ್ತಾರೆ ಅಂದರೆ ಫ್ಯೂಸ್ ಬದಲಿಸುವ ಕೆಲಸ ಅವರ ತಲೆಗೆ ಕಟ್ಟಬೇಡಿ, ಎಂಸಿಸಿಬಿಗೇ ಹೋಗಿ.

ಎಂಸಿಬಿ ಜೋರಾಗಿ ಸದ್ದು ಮಾಡಿ ಬಿದ್ದರೆ ಸುಮ್ನೆ ಎತ್ತಬೇಡಿ. ಶಾರ್ಟ್ ಎಲ್ಲಿ ಅಂತ ಹುಡುಕಿಸಿ, ಅದನ್ನು ಸರಿ ಮಾಡಿಸಿದ ಮೇಲೆ ಮಾತ್ರ ಎತ್ತಿ. ಲಿವರ್ ಸಡಿಲ ಅನ್ನಿಸಿದರೆ, ಸುಟ್ಟ ವಾಸನೆ ಬಂದರೆ, ಪಕ್ಕದ ಗೋಡೆಗೋ ಡಿಬಿ ಮುಚ್ಚಳಕ್ಕೋ ಮಸಿ ಹತ್ತಿದ್ದರೆ ಆ ಎಂಸಿಬಿಯನ್ನು ಬದಲಿಸಿ. ಬದಲಿಗೆ ತರುವುದರ ಮೇಲೆ ಆಂಪ್, ಕರ್ವ್, ಆಯತದೊಳಗಿನ ಸಂಖ್ಯೆ, ಮೂರೂ ಹಳೆಯದರಂತೆಯೇ ಇವೆಯಾ ಅಂತ ಡಿಬಿ ಮುಚ್ಚುವ ಮೊದಲು ನೀವೇ ಓದಿ ನೋಡಿ.